ಹಂದಿಗಳ ಒಣಕೆಮ್ಮು

ಮರಿಗಳು ಕೊಟ್ಟದ್ದನ್ನು ತಿನ್ನುತ್ತವೆ, ಜ್ವರವಿಲ್ಲ. ಆದರೂ ಮೈ ಹಿಡಿಯುವುದಿಲ್ಲ. ಬೆಳಿಗ್ಗೆ ಎಬ್ಬಿಸಿದೊಡನೆ ಒಂದಾದ ಮೇಲೊಂದು ಕೆಮ್ಮುತ್ತವೆ. ಚಳಿಯ ಕೆಮ್ಮೆಂದು ಅನೇಕರು ಸುಮ್ಮನಿರುತ್ತಾರೆ. ಮಾರುವ ದಿನ ತೂಗಿದಾಗಲೇ ನಷ್ಟ ತಿಳಿಯುವುದು.

ಇದಕ್ಕೆ ಮುಖ್ಯ ಕಾರಣ ಮೈಕೋಪ್ಲಾಸ್ಮ ಎಂಬ ಅತಿಸೂಕ್ಷ್ಮ ರೋಗಾಣು. ಇಂಗ್ಲೆಂಡ್ ಮತ್ತು ಅಮೆರಿಕದ ವಿಜ್ಞಾನಿಗಳು 1965ರಲ್ಲಿ ಇದನ್ನು ಗುರುತಿಸಿದರು. ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ನವಿರು ರೋಮಗಳಿವೆ. ಅವು ಪೊರಕೆಯಂತೆ ಧೂಳು ಕಫಗಳನ್ನು ಮೇಲಕ್ಕೆ ಗುಡಿಸುತ್ತಿರುತ್ತವೆ. ಈ ರೋಗಾಣು ಅವಕ್ಕೇ ಅಂಟಿ ಅವನ್ನು ಹಾಳುಮಾಡುತ್ತದೆ. ಪೊರಕೆಯಿಲ್ಲದ ಮನೆಗೆ ಪಾಸ್ಚುರೆಲ್ಲ ಮುಂತಾದ ಬೇರೆ ಬ್ಯಾಕ್ಟೀರಿಯಗಳು ನುಗ್ಗುತ್ತವೆ. ಆಗ ಜ್ವರ, ಏದುಸಿರು, ಕೆಲವಕ್ಕೆ ಸಾವು. ಮಾಂಸಕ್ಕೆ ಕೊಯ್ದ ಹಂದಿಯ ಶ್ವಾಸಕೋಶವನ್ನು ನೋಡಿರಿ: ಒಳ್ಳೆಯ ಭಾಗ ನಸುಗೆಂಪು, ಹಗುರ, ನೀರಿನಲ್ಲಿ ತೇಲುತ್ತದೆ. ರೋಗ ಹಿಡಿದ ಮುಂದಿನ ಕೆಳತುದಿಗಳು ಬಣ್ಣಗೆಟ್ಟು ಮಾಂಸದಂತೆ ಗಟ್ಟಿಯಾಗಿರುತ್ತವೆ.

ಪೆನಿಸಿಲಿನ್ ಕೊಡಿಸಿದರೂ ಕೆಮ್ಮು ನಿಲ್ಲಲಿಲ್ಲವೆಂದು ದೂರುವವರುಂಟು. ಪೆನಿಸಿಲಿನ್ ಕೆಡಿಸುವುದು ರೋಗಾಣುವಿನ ಹೊರಗೋಡೆಯನ್ನು. ಮೈಕೋಪ್ಲಾಸ್ಮಕ್ಕೆ ಗೋಡೆಯೇ ಇಲ್ಲ! ಟೆಟ್ರಾಸೈಕ್ಲಿನ್, ಟೈಲೋಸಿನ್ ಮೊದಲಾದವು ನಾಟುತ್ತವೆ. ಯಾವುದು, ಎಷ್ಟು ಎಂಬುದನ್ನು ಪಶುವೈದ್ಯರೇ ಹೇಳಬೇಕು. ಮದ್ದು ಕೊಟ್ಟ ಮೇಲೆ ಅವರು ಹೇಳಿದಷ್ಟು ದಿನ ಆ ಹಂದಿಯನ್ನು ಮಾಂಸಕ್ಕೆ ಮಾರಕೂಡದು.

ಆದರೆ ಮದ್ದಿಗಿಂತ ಸಾಕುವ ಕ್ರಮ ಮುಖ್ಯವೆಂದೇ ನಾವು ಹೇಳುತ್ತೇವೆ. ರೋಗ ಹರಡುವುದು ಮೂಗಿಗೆ ಮೂಗು ತಾಗಿ, ಕೆಮ್ಮಿದ ಗಾಳಿಯಿಂದ, ದೊಡ್ಡವುಗಳಿಂದ ಎಳೆಯವಕ್ಕೆ. ಸ್ವಿಟ್ಜರ್ಲೆಂಡಿನವರು 1996ರಲ್ಲಿ ಇದರ ನಿರ್ಮೂಲನಕ್ಕೆ ತೊಡಗಿದರು. ತಾಯಿಹಂದಿಗಳ ಕೊಟ್ಟಿಗೆಯಲ್ಲಿ ಎರಡು ವಾರ ಎಳೆಯದೊಂದೂ ಇಲ್ಲದಂತೆ ಮಾಡಿ, ದೊಡ್ಡವಕ್ಕೆ ಮದ್ದು ಕೊಟ್ಟು, ರೋಗದ ಸರಪಣಿ ಕಡಿದರು. 2004ರ ವೇಳೆಗೆ ರೋಗ ಬಹುಪಾಲು ಅಳಿಯಿತು.

ನಾಲ್ಕಾರು ಹಂದಿ ಸಾಕುವ ನಮಗೆ ಅಷ್ಟೆಲ್ಲ ಸಾಗದು. ಅದರ ತತ್ತ್ವ ಸಾಗುತ್ತದೆ. ಕೊಂಡುತಂದ ಮರಿಗಳನ್ನು ಒಂದು ತಿಂಗಳಾದರೂ ದೂರ ಇಡೋಣ. ಒಂದು ತಂಡ ಪೂರ್ತಿ ಮಾರಿ, ಗೂಡು ತೊಳೆದು ಒಣಗಿಸಿದ ಮೇಲೆಯೇ ಮುಂದಿನ ತಂಡ ಬರಲಿ. ಉಣಿಸು ಮರಿಗಳಿಗೆ ಮೊದಲು, ಕೆಮ್ಮುವವಕ್ಕೆ ಕೊನೆಗೆ. ಚಳಿಯೆಂದು ಗೋಣಿ ಕಟ್ಟಿ ಗೂಡನ್ನು ಪೂರ್ತಿ ಮುಚ್ಚುವುದಂತೂ ದೊಡ್ಡ ಕೇಡು. ಹಂದಿಯೆತ್ತರಕ್ಕೆ ಕುಳಿತು ನೋಡಿರಿ. ಮೂತ್ರದ ಘಾಟಿಗೆ ನಮ್ಮ ಕಣ್ಣು ಉರಿದರೆ ಅದರ ಶ್ವಾಸನಾಳವೂ ಕೆಡುತ್ತಿದೆ. ಸೂರಿನಡಿ ಕಿಂಡಿ ಬಿಡಿರಿ. ಗಾಳಿ ಮರಿಗಳ ಮೈಮೇಲೆ ನೇರ ಬೀಸದಿರಲಿ.

ಇನ್ನೊಂದು ಮಾತು. ಜೋರು ಜ್ವರ ಬಂದು, ಕಿವಿ ಹೊಟ್ಟೆಗಳ ಚರ್ಮ ಕೆಂಪು ನೀಲಿಯಾಗಿ, ಹಂದಿಗಳು ಒಂದರ ಹಿಂದೊಂದು ಸಾಯತೊಡಗಿದರೆ ಅದು ಈ ಕೆಮ್ಮಲ್ಲ. 2022ರ ಜುಲೈಯಲ್ಲಿ ವಯನಾಡಿನ ಮಾನಂತವಾಡಿಯಲ್ಲಿ ಕಂಡ ಆಫ್ರಿಕನ್ ಹಂದಿಜ್ವರ ಇರಬಹುದು. ಅಂಥದನ್ನು ಕೊಯ್ಯದೆ, ಮಾರದೆ, ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಿರಿ.