ತೋಡಿನ ಮೀನು ಯಾರದು?



ಮಳೆಗಾಲದ ಮೊದಲ ನೆರೆ ಬಂದೊಡನೆ ನಮ್ಮ ಕಾಸರಗೋಡಿನ ತೋಡುಗಳ ಬದಿಯಲ್ಲಿ ರಾತ್ರಿ ಟಾರ್ಚು, ಕತ್ತಿ, ಕೂಳಿ ಹಿಡಿದವರ ಸಡಗರ. ಹೊಳೆಯಿಂದ ಗದ್ದೆಗೆ ಏರಿ ಬರುವ ಮುಗುಡು ಮೊದಲಾದ ಮೀನುಗಳಿಗೆ ಯಾರ ಅಪ್ಪಣೆಯೂ ಬೇಡವೆಂದೇ ನಾವೆಲ್ಲ ತಿಳಿದಿದ್ದೆವು. ಹಿರಿಯರ ಆ ಮಾತಿನಲ್ಲಿ ಸತ್ಯವೂ ಇದೆ. ಹರಿಯುವ ಹೊಳೆಯ ಮೀನು ಬಲೆಗೆ ಬೀಳುವ ತನಕ ಯಾರ ಸೊತ್ತೂ ಅಲ್ಲ. ಆದರೆ ಹಿಡಿಯುವ ಕಾಲಕ್ಕೂ ಕ್ರಮಕ್ಕೂ ಕಾನೂನಿನ ಕಟ್ಟು ಇದೆ.

ಕೇರಳದ ಒಳನಾಡು ಮೀನುಗಾರಿಕೆ ಕಾಯಿದೆ 2010ರದ್ದು. ಮಲಯಾಳದಲ್ಲಿ 'ಊತ್ತ' ಎನ್ನುವ ಈ ಏರುಮೀನಿನ ಬೇಟೆ ಅದರಂತೆ ಅಪರಾಧ. ದಂಡವೂ ಇದೆ, ಸೆರೆವಾಸವೂ ಇದೆ. ಕಾರಣ ಸರಳ. ಮೊಟ್ಟೆ ಇಡಲೆಂದೇ ಅವು ಏರಿ ಬರುವುದು. ತೋಡಿಗೆ ಅಡ್ಡ ಕಟ್ಟಿ ಒಂದು ಬಸುರಿ ಮೀನನ್ನು ಹಿಡಿದರೆ ಸಾವಿರಾರು ಮರಿಗಳು ಹೋದವು. ಮತ್ತೆ ಬೇಸಗೆಯಲ್ಲಿ ಹೊಳೆಯಲ್ಲಿ ಮೀನೇ ಇಲ್ಲವೆಂದು ಗೊಣಗುವವರೂ ನಾವೇ!

ಹೊಳೆ, ಹಿನ್ನೀರುಗಳಲ್ಲಿ ಕಂಬ ನೆಟ್ಟು ಕಟ್ಟುವ ಬಲೆಗೆ ಮೀನುಗಾರಿಕಾ ಇಲಾಖೆಯ ಲೈಸನ್ಸ್ ಬೇಕು. ತೋಟೆ ಸಿಡಿಸುವುದು, ವಿಷ ಹಾಕುವುದು 1897ರ ಬ್ರಿಟಿಷ್ ಕಾಯಿದೆಯಿಂದಲೇ ನಿಷಿದ್ಧ. ಕಾರೆಕಾಯಿ ಜಜ್ಜಿ ಹಾಕಿದರೂ ಅದು ವಿಷವೇ. ಕೀಟನಾಶಕ ಸುರಿದು ಹಿಡಿದ ಮೀನನ್ನು ಮಕ್ಕಳಿಗೆ ಬಡಿಸುವವರೂ ಇದ್ದಾರೆಂದರೆ, ಎಂಡೋಸಲ್ಫಾನ್‌ನ ನೋವು ಕಂಡ ಈ ನಾಡಿನಲ್ಲಿ ಏನೆನ್ನೋಣ? ಅಡಿಕೆಗೆ ಮದ್ದು ಬಿಟ್ಟ ಮೇಲೆ ಉಳಿದ ಮೈಲುತುತ್ತಿನ ನೀರನ್ನೂ ತೋಡಿಗೆ ಚೆಲ್ಲಬೇಡಿ. ಅಲ್ಪ ತಾಮ್ರವೂ ಮೀನುಮರಿಗೆ ಮಾರಕ.

ಸ್ವಂತ ಕೆರೆ ಇದ್ದವರ ಸಂಗತಿ ಬೇರೆ. ಅಲ್ಲಿ ಸಾಕಿದ ಮೀನು ಕೆರೆಯವನದು. ಕೇಳದೆ ಹಿಡಿದರೆ ಕಳವು. ಆದರೆ ಮೀನು ಹಿಡಿಯುವ ಹಕ್ಕನ್ನು ವ್ಯಾಪಾರಿಗೆ ವರ್ಷಗಟ್ಟಲೆ ವಹಿಸಿಕೊಡುವಾಗ ಬರೇ ಬಾಯಿಮಾತು ಸಾಲದು. ಒಡಿಶಾದ ಚಿಲಿಕಾ ಸರೋವರದಲ್ಲಿ ಕೆಲವರು ರಾಜನಿಗೆ ಹಣ ಕೊಟ್ಟು ಮುಂದಿನ ವರ್ಷಗಳ ಮೀನಿನ ಹಕ್ಕು ಪಡೆದಿದ್ದರು. ಜಮೀನ್ದಾರಿ ರದ್ದಾಗಿ ಸರೋವರ ಸರಕಾರದ ವಶವಾದಾಗ ಆ ಹಕ್ಕನ್ನು ಸರಕಾರ ಒಪ್ಪಲಿಲ್ಲ. ಮೀನು ಹಿಡಿದೊಯ್ಯುವ ಹಕ್ಕು ಸ್ಥಿರಾಸ್ತಿಗೆ ಸಮ, ನೂರು ರೂಪಾಯಿ ಮೀರಿದರೆ ರಿಜಿಸ್ಟರ್ ಆದ ಪತ್ರ ಬೇಕು ಎಂದು ಸುಪ್ರೀಂ ಕೋರ್ಟು 1955ರಲ್ಲಿ ತೀರ್ಪು ಕೊಟ್ಟಿತು. ಕೈಯಲ್ಲಿ ಪತ್ರವಿಲ್ಲದೆ ಅವರು ಸೋತರು.

ನಮ್ಮಲ್ಲಿ ಅಣ್ಣತಮ್ಮಂದಿರ ಪಾಲಿನ ಕೆರೆಗಳೇ ಹೆಚ್ಚು. ಮರಿ ಬಿಡುವ ಮೊದಲು ಪಾಲುದಾರರೆಲ್ಲರ ಸಹಿ ಪಡೆದುಕೊಳ್ಳಿ. ದೊಡ್ಡ ಮೊತ್ತವಾದರೆ ಸಬ್‌ರಿಜಿಸ್ಟ್ರಾರ್ ಕಚೇರಿಗೂ ಹೋಗಿ ಬನ್ನಿ.