ರಜೆ ಕೇಳಲು ಹಿಂಜರಿಯಬೇಡಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ನರ್ಸಿಂಗ್ ಹೋಂ, ಬಟ್ಟೆ ಅಂಗಡಿ, ಫೈನಾನ್ಸ್ ಕಚೇರಿಗಳಲ್ಲಿ ದುಡಿಯುವ ಅಕ್ಕತಂಗಿಯರೇ, ‘ಬಸುರಿಯಾದರೆ ಕೆಲಸ ಹೋದೀತು, ಮಗು ಮುಂದಿನ ವರ್ಷ ನೋಡೋಣ’ ಎಂದು ದಿನ ದೂಡುವ ಮೊದಲು ಕಾನೂನು ನಿಮಗೇನು ಕೊಟ್ಟಿದೆ ಎಂದು ತಿಳಿದುಕೊಳ್ಳಿ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ, ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ ಉಂಟು. 2017ಕ್ಕೆ ಮುಂಚೆ ಇದು ಬರೀ 12 ವಾರ ಇತ್ತು. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ. ಗುತ್ತಿಗೆ ಅವಧಿ ನಡುವೆಯೇ ಮುಗಿದರೂ ಪೂರ್ತಿ ಸೌಲಭ್ಯ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ.

ಬಾಯಿಮಾತಿನಲ್ಲಿ ಮಾತ್ರ ರಜೆ ಕೇಳಬೇಡಿ. ಅರ್ಜಿ ಬರೆಯಿರಿ, ಹೆರಿಗೆಯ ಅಂದಾಜು ದಿನಾಂಕವಿರುವ ತಾಯಿ ಕಾರ್ಡಿನ ಜೆರಾಕ್ಸ್ ಲಗತ್ತಿಸಿ, ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಂಡು ಮನೆಯಲ್ಲಿಡಿ. ಮುಂದೆ ತಕರಾರು ಬಂದರೆ ಕಾರ್ಮಿಕ ನಿರೀಕ್ಷಕರ ಮುಂದೆ ನಿಲ್ಲಲು ಆ ಒಂದು ಹಾಳೆ ಬೇಕೇ ಬೇಕು.

ನಾಲ್ಕೈದು ಜನರಿರುವ ಅಂಗಡಿಯವರಿಗೆ, ಕೂಲಿಗೆ ಹೋಗುವವರಿಗೆ ಈ ರಜೆ ಸಿಗದು. ಇದು ದೊಡ್ಡ ಅನ್ಯಾಯವೆಂದೇ ನನ್ನ ಭಾವನೆ. ಅಂಥವರು ಅಂಗನವಾಡಿಯಲ್ಲಿ ಮಾತೃವಂದನಾ ಯೋಜನೆಗೆ ಹೆಸರು ಬರೆಸಿ. ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ ಸಿಗುತ್ತದೆ.

ಇನ್ನು ಮಗು ಯಾವಾಗ ಎಂಬುದು ಗಂಡಹೆಂಡತಿ ಕೂತು ತೀರ್ಮಾನಿಸುವ ಮಾತು. ಅದನ್ನು ಮಾಲೀಕರ ಮುಖ ನೋಡಿ ಮುಂದೂಡಬೇಡಿ.