ಒಳಬಂದ ಕಬ್ಬಿಣಕ್ಕೆ ಹೊರದಾರಿ ಇಲ್ಲ

ಅಕ್ಕೂರಿರಲಿ, ಬೇರೆ ಯಾವ ಊರಿರಲಿ, ಸರ್ಕಾರಿ ಶಾಲೆಯಲ್ಲಿ ಓದುವ ನಿಮಗೆ ವಾರಕ್ಕೊಮ್ಮೆ ನುಂಗುವ ಕಬ್ಬಿಣಾಂಶದ ಮಾತ್ರೆ ಗೊತ್ತು. ರಕ್ತಹೀನತೆ ಬಾರದಿರಲೆಂದು ಅದನ್ನು ಕೊಡುತ್ತಾರೆ. ಆದರೆ ಕೆಲವು ಮಕ್ಕಳಿಗೆ ತೀವ್ರ ರಕ್ತಹೀನತೆ ಇದ್ದರೂ ವೈದ್ಯರು ಆ ಮಾತ್ರೆ ಬೇಡವೆನ್ನುತ್ತಾರೆ. ಅವರಿಗೆ ಕಬ್ಬಿಣ ಹೆಚ್ಚಾಗಿ ಹೃದಯವೇ ಕೆಡಬಹುದು! ಇದು ಹೇಗೆ?

ರಕ್ತಕ್ಕೆ ಕೆಂಪು ಬಣ್ಣ ಕೊಡುವುದು ಹಿಮೋಗ್ಲೋಬಿನ್. ಅದರಲ್ಲಿ ಕಬ್ಬಿಣವಿದೆ. ಥಲಸ್ಸೇಮಿಯ ಎಂಬ ಕಾಯಿಲೆಯಲ್ಲಿ ದೇಹಕ್ಕೆ ಹಿಮೋಗ್ಲೋಬಿನನ್ನು ಸರಿಯಾಗಿ ತಯಾರಿಸಲು ಆಗುವುದಿಲ್ಲ. ಇದು ಅಂಟುರೋಗವಲ್ಲ; ಜೊತೆಯಲ್ಲಿ ಕುಳಿತರೆ, ಉಂಡರೆ ಬರುವುದಿಲ್ಲ. ತಂದೆ ತಾಯಿ ಇಬ್ಬರಲ್ಲೂ ಇದರ ಜೀನ್ ಇದ್ದರೆ, ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು. ಅವರಿಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಹಾಗಾಗಿ ಪರೀಕ್ಷೆ ಮಾಡಿಸದೆ ತಿಳಿಯುವುದು ಕಷ್ಟ.

ತೀವ್ರ ಥಲಸ್ಸೇಮಿಯ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ ಕೊಡಬೇಕು. ಇಲ್ಲದಿದ್ದರೆ ಮಗು ಬದುಕದು. ತೊಡಕು ಇರುವುದೂ ಇಲ್ಲಿಯೇ.

ನಮ್ಮ ಕರುಳು ಒಳ್ಳೆಯ ಕಾವಲುಗಾರ. ಆಹಾರದಲ್ಲಿರುವ ಕಬ್ಬಿಣದಲ್ಲಿ ದಿನಕ್ಕೆ ಸುಮಾರು 1ರಿಂದ 2 ಮಿಲಿಗ್ರಾಂ ಮಾತ್ರ ಒಳಗೆ ಬಿಡುತ್ತದೆ. ಉದುರುವ ಜೀವಕೋಶಗಳ ಜೊತೆ ಹೆಚ್ಚುಕಡಿಮೆ ಅಷ್ಟೇ ಹೊರಹೋಗುತ್ತದೆ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ. ಕಬ್ಬಿಣಕ್ಕೆ ಅಂಥ ದಾರಿಯೇ ಇಲ್ಲ. ರಕ್ತನಾಳಕ್ಕೆ ನೇರವಾಗಿ ಕೊಡುವ ರಕ್ತವಂತೂ ಕಾವಲುಗಾರನನ್ನು ದಾಟಿಯೇ ಬರುತ್ತದೆ. ಒಂದು ಚೀಲ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣವಿರುತ್ತದೆ. 20 ಚೀಲಕ್ಕೆ ಎಷ್ಟಾಯಿತು, ಲೆಕ್ಕ ಹಾಕಿ. 4 ಗ್ರಾಂ! ದೊಡ್ಡವರೊಬ್ಬರ ಇಡೀ ದೇಹದಲ್ಲಿರುವ ಕಬ್ಬಿಣವೇ 3ರಿಂದ 4 ಗ್ರಾಂ.

ಈ ಹೆಚ್ಚುವರಿ ಕಬ್ಬಿಣ ಮೊದಲು ಯಕೃತ್ತಿನಲ್ಲಿ, ಬಳಿಕ ಗ್ರಂಥಿಗಳಲ್ಲಿ, ಹೃದಯದ ಸ್ನಾಯುಗಳಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿ ಜೀವಕೋಶಗಳನ್ನು ಹಾಳುಮಾಡುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವ ಹೃದಯ ಲಯ ತಪ್ಪುತ್ತದೆ, ಸೋಲುತ್ತದೆ. ವರ್ಷಗಟ್ಟಲೆ ಹೊರಗೆ ಏನೂ ಕಾಣದಿರಬಹುದು. ಆದ್ದರಿಂದ ಎಂ.ಆರ್.ಐ. ಯಂತ್ರದಿಂದ ಹೃದಯದ ಕಬ್ಬಿಣವನ್ನು ಅಳೆಯುತ್ತಾರೆ. ಆ ಯಂತ್ರ ಒಂದು ಭಾರೀ ಅಯಸ್ಕಾಂತ. ಕಬ್ಬಿಣವಿರುವ ಕಡೆ ಅದಕ್ಕೆ ಸಿಗುವ ಸಂಕೇತ ಬೇಗ ಮಾಸುತ್ತದೆ. 2001ರಲ್ಲಿ ಲಂಡನ್ನಿನ ವೈದ್ಯರು ಈ ವಿಧಾನವನ್ನು ಪ್ರಕಟಿಸಿದರು.

ಹೊರದಾರಿ ಇಲ್ಲದಿದ್ದರೆ ದಾರಿ ಮಾಡಬೇಕಲ್ಲ? ಗದ್ದೆಯ ಬದುವಿನಲ್ಲಿ ಏಡಿ ತನ್ನ ಕೊಂಡಿಯಿಂದ ಹಿಡಿಯುವುದನ್ನು ನೋಡಿದ್ದೀರಲ್ಲ, ಹಾಗೆ ಕಬ್ಬಿಣವನ್ನು ಹಿಡಿದು ಮಲಮೂತ್ರದೊಡನೆ ಹೊರಗೊಯ್ಯುವ ಔಷಧಗಳಿವೆ. ಇವುಗಳಿಗೆ 'ಕೀಲೇಟರ್' ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಇದರ ಮೂಲಪದಕ್ಕೆ ಏಡಿಯ ಕೊಂಡಿ ಎಂದೇ ಅರ್ಥ! ಹಳೆಯ ಔಷಧ ಡೆಸ್‌ಫೆರಿಯಾಕ್ಸಮೀನ್ ಮಣ್ಣಿನ ಬ್ಯಾಕ್ಟೀರಿಯದಿಂದ ಬಂದದ್ದು. ಅದನ್ನು ಪುಟ್ಟ ಪಂಪಿನಿಂದ ಚರ್ಮದಡಿಗೆ, ವಾರದಲ್ಲಿ ಐದಾರು ರಾತ್ರಿ, ಎಂಟು ಹತ್ತು ಗಂಟೆ ಹರಿಸಬೇಕು. ಮಕ್ಕಳಿಗೆ ಇದೇನು ಸುಲಭವೆ? ಈಗ ನುಂಗುವ ಔಷಧಗಳೂ ಇವೆ. ಅವುಗಳಲ್ಲಿ ಡೆಫೆರಿಪ್ರೋನ್ ಎಂಬುದು ಭಾರತದಲ್ಲಿ 1990ರ ದಶಕದಲ್ಲೇ ಬಳಕೆಗೆ ಬಂತು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಔಷಧವನ್ನು ಬಿಡದೆ ತೆಗೆದುಕೊಂಡರೆ ಹೃದಯದ ಕಬ್ಬಿಣ ನಿಧಾನವಾಗಿ ಇಳಿಯುತ್ತದೆ.

ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಇಂಥ ಮಕ್ಕಳಿಗೆ ಚಿಕಿತ್ಸೆ ಸಿಗುತ್ತದೆ. ರಕ್ತ ಪಡೆಯಲು ಹೋಗುವ ದಿನ ಅವರ ಹಾಜರಿ ತಪ್ಪುತ್ತದೆ. ನಿಮ್ಮ ತರಗತಿಯಲ್ಲಿ ಅಂಥವರು ಇದ್ದರೆ ಆ ದಿನದ ಪಾಠವನ್ನು ಬರೆದುಕೊಳ್ಳಲು ನಿಮ್ಮ ಪುಸ್ತಕ ಕೊಡಿ.